ಮಾವನ ಕಾರಿಗೆ ಹಿಡಿದ ಗಾಳಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಮಳವಳ್ಳಿಯಲ್ಲಿ ಹೇಳುವವರಿದ್ದರು. ನಾನು ಆ ಮಾತನ್ನು ಒಪ್ಪಿದವನಲ್ಲ. ಕೆಡಬೇಕಾದರೆ ಯಾವತ್ತಾದರೂ ಒಂದು ದಿನ ಅದು ನೆಟ್ಟಗೆ ಇದ್ದಿರಬೇಕಲ್ಲವೇ? ನಾಲ್ಕು ವರ್ಷ ಅವರ ಮನೆಯ ಮುದ್ದೆ ತಿಂದ ನಾನು ಅಂಥ ದಿನವೊಂದನ್ನು ನೋಡಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಆಗ ಯುದ್ಧದ ಕಾಲ. ನಾನು ಇಂಟರ್‌ಮೀಡಿಯೇಟ್ ಮುಗಿಸಿ ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೆ. ಮಾವನ ಮನೆಯಲ್ಲೇ ಬಿಡಾರ. ಮಾವನಿಗೆ ಮದ್ದೂರಿನಲ್ಲಿ ಬೆಲ್ಲದ ಮಂಡಿ ಇತ್ತು. ಮಕ್ಕಳಿರಲಿಲ್ಲ. ಆದ್ದರಿಂದ ಮಕ್ಕಳಿಂದ ಪಡೆಯಬೇಕಾದ ತೊಂದರೆಯನ್ನೆಲ್ಲ ಅವರು ಒಂದು ಕಾರಿನಿಂದ ಪಡೆದುಕೊಳ್ಳುತ್ತಿದ್ದರು. ಶಿವನಸಮುದ್ರದ ಕಡೆ ಕೆಲಸದಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೊರಡುವಾಗ ಆ ಕಾರನ್ನು ಮಾವನಿಗೆ ಮಾರಿದ್ದ. ಮಾವ ಅದನ್ನು ಕೊಂಡುಕೊಂಡೆ ಎನ್ನುತ್ತಿದ್ದರು. ದೊರೆ ಅದರಿಂದ ತಪ್ಪಿಸಿಕೊಂಡ ಎಂದು ನನ್ನ ಅಭಿಪ್ರಾಯ.

ಲೋಕದಲ್ಲಿ ಕಾರುಗಳು ಓಡುವಾಗ ಕೂಗುತ್ತವೆ, ನಿಂತಾಗ ಮೆಲ್ಲಗೆ ಗೊಣಗುತ್ತವೆ. ಮಾವನ ಕಾರಿನ ನಡತೆ ಇದಕ್ಕೆ ತದ್ವಿರುದ್ಧ. ಓಡುವಾಗ ಹೇಗೋ ಮರ್ಯಾದೆಯಿಂದ ಓಡುತ್ತಿತ್ತು. ನಿಲ್ಲಿಸಿ ಪೆಡಲಿನಿಂದ ಕಾಲು ತೆಗೆದರೆ ಸಾಕು, ಎಂಜಿನ್ನು ಹುಚ್ಚೆದ್ದು ಕಿರುಚತೊಡಗುತ್ತಿತ್ತು! ಬಾನೆಟ್ಟು ಗಡಗಡ, ಬಾಗಿಲು ಗಡಗಡ, ಒಳಗೆ ಕೂತವರ ಹಲ್ಲೂ ಗಡಗಡ. ನಿಂತ ಕಾರು ತಾನಾಗಿ ತೆವಳಿಕೊಂಡು ಮುಂದೆ ಹೋಗುವ ಅಭ್ಯಾಸವನ್ನೂ ಇಟ್ಟುಕೊಂಡಿದ್ದರಿಂದ ಹಿಂದಿನ ಸೀಟಿನಲ್ಲಿ ಒಂದು ರುಬ್ಬುಗುಂಡು ಸದಾ ಪ್ರಯಾಣ ಮಾಡುತ್ತಿತ್ತು. ಕಾರು ನಿಂತ ಕೂಡಲೇ ಹಾರಿ ಇಳಿದು ಆ ಗುಂಡನ್ನು ಚಕ್ರದ ಮುಂದಿಡುವ ಕೆಲಸ ನನ್ನದು. ಇಂಟರ್‌ಮೀಡಿಯೇಟ್ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು.

ಎಂಜಿನ್ ಆರಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಒಮ್ಮೆ ಆರಿತೆಂದರೆ ಮತ್ತೆ ಹ್ಯಾಂಡಲ್ ಹಾಕಿ ತಿರುಗಿಸಲು ಮೂರು ಜನ ಗಟ್ಟಿ ಗಂಡಸರು ಬೇಕಿತ್ತು. ಹಾಗಾಗಿ ಮಂಡಿಯ ಮುಂದೆ, ಅಂಚೆ ಕಚೇರಿಯ ಮುಂದೆ, ಕ್ಷೌರದಂಗಡಿಯ ಮುಂದೆ ಅದು ಕಿರುಚುತ್ತಲೇ ನಿಂತಿರುತ್ತಿತ್ತು. ಮದ್ದೂರು ಸ್ಟೇಷನ್ನಿನ ಬಳಿ ಒಂದು ಮಧ್ಯಾಹ್ನ ಮಾವ ಕಾರು ನಿಲ್ಲಿಸಿದ್ದೇ ತಡ, ಮೈಸೂರು ಗಾಡಿ ಬೇಗ ಬಂದುಬಿಟ್ಟಿತೆಂದು ವಡೆ ಮಾರುವವರು ಬುಟ್ಟಿ ಹೊತ್ತು ಓಡಿಬಂದರು. ಮಳವಳ್ಳಿಯಲ್ಲಂತೂ ಯಾವುದೋ ಹಳ್ಳಿಯ ಮುದುಕಿ ಒಂದು ಕುಕ್ಕೆ ರಾಗಿ ತಂದು ನಮ್ಮ ಜಗಲಿಯ ಮೇಲೆ ಇಳಿಸಿ, ಸಂಜೆಯೊಳಗೆ ಬೀಸಿ ಕೊಡಬೇಕೆಂದು ಕೂತಿತು. ಇದು ಹಿಟ್ಟಿನ ಗಿರಣಿಯಲ್ಲ ಎಂದು ನಂಬಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಹೋಗುವಾಗಲೂ ಅದು ಕಾರನ್ನು ನೋಡಿ, ನಮ್ಮ ಊರಿನವರಿಗೆ ಮಾತ್ರ ಬೀಸಿ ಕೊಡುವುದಿಲ್ಲವೇನೋ ಎಂದು ಬೇಜಾರು ಮಾಡಿಕೊಂಡೇ ಹೋಯಿತು.

ಮನೆಗೆ ಬಂದಾಗಲಾದರೂ ಎಂಜಿನ್ ನಿಲ್ಲಿಸುತ್ತಿದ್ದರೇ? ಇಲ್ಲ! ಬಾಗಿಲಲ್ಲಿ ಕಾರು ಕಿರುಚಲು ಬಿಟ್ಟು, ಕೈಕಾಲು ತೊಳೆದು, ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಹೋಗಿ ನಿಲ್ಲಿಸುವುದು. ತಾನು ಬಂದದ್ದು ಇಡೀ ಬೀದಿಗೆ ತಿಳಿಯಲಿ ಎಂಬ ಜಂಭ ಎಂದುಕೊಂಡಿದ್ದೆ. ಬೀದಿಯವರು ನನ್ನ ಹತ್ತಿರ ದೂರು ಹೇಳುತ್ತಿದ್ದರು. ದೂರು ಹೇಳುವವರಿಗೆ ಮುಂದಾಳಾಗಿ ನಾನೇ ಇರುತ್ತಿದ್ದೆ.

ದೂರು ಹೇಳದ ಜೀವ ಒಂದೇ, ನಮ್ಮ ಅತ್ತೆ. ಅವರಿಗೆ ಅಷ್ಟು ಸಹನೆ ಇತ್ತೆಂದಲ್ಲ, ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ಬಂದ ವಿಷಮಶೀತ ಜ್ವರ ಹೋಗುವಾಗ ಕಿವಿಯನ್ನೂ ಅರ್ಧಕ್ಕರ್ಧ ಹೊತ್ತುಕೊಂಡು ಹೋಗಿತ್ತು. ಮಂಡ್ಯದ ಡಾಕ್ಟರು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ, ಕಿವಿ ತೊಳೆದು ಔಷಧಿ ಬಿಡುತ್ತೇನೆ, ನೋಡೋಣ ಎಂದಿದ್ದರು. ಆ ‘ನೋಡೋಣ’ ಎಂಬ ಒಂದು ಮಾತನ್ನು ಮಾವ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಸ್ಪತ್ರೆಯ ದಪ್ಪ ಕಾರ್ಡನ್ನು ಕೋಟಿನ ಒಳಜೇಬಿನಲ್ಲಿ, ಎದೆಯ ಹತ್ತಿರವೇ ಇಟ್ಟುಕೊಂಡಿರುತ್ತಿದ್ದರು. ಮನೆಯಲ್ಲಿ ಅವರ ಮಾತೆಲ್ಲ ಕೂಗಾಟವೇ. ಊಟದ ಹೊತ್ತಿನಲ್ಲಿ ಉಪ್ಪು ಕೇಳಿದರೆ ಎದುರುಮನೆಯವರು ತಂದುಕೊಡುತ್ತಿದ್ದರು.

ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗುವಂತಿರಲಿಲ್ಲ. ಆಗಿನ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಒಂದು ಸಲ ಹತ್ತಿದ ಅತ್ತೆ ಅರ್ಧ ದಾರಿಯಲ್ಲಿ ವಾಂತಿ ಮಾಡಿಕೊಂಡು ಇಳಿದು, ಇನ್ನು ಸತ್ತರೂ ಹತ್ತುವುದಿಲ್ಲ ಎಂದುಬಿಟ್ಟರು. ಹಾಗಾಗಿ ಕಾರೇ ಗತಿ. ಕಾರಿಗೆ ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು. ಚೀಟಿ ಕೊಟ್ಟದ್ದನ್ನೆಲ್ಲ ಕಾರು ನಿಂತ ನಿಂತಲ್ಲೇ ಕಿರುಚಿ ಕುಡಿದುಬಿಡುತ್ತಿತ್ತು. ಒಂದು ತಿಂಗಳು ಮಂಡ್ಯ ಇನ್ನೂ ಎಷ್ಟೋ ದೂರವಿರುವಾಗಲೇ ಪೆಟ್ರೋಲು ಮುಗಿದು, ಅತ್ತೆಯನ್ನು ಕಬ್ಬಿನ ಗಾಡಿಯೊಂದರಲ್ಲಿ ಕೂರಿಸಿ ವಾಪಸು ತಂದೆವು. ಆ ತಿಂಗಳು ಕಿವಿಗೆ ಔಷಧಿ ಬೀಳಲಿಲ್ಲ. ಆವತ್ತು ಮಾವ ಈ ಎಂಜಿನ್ನಿನ ಕಿರುಚಾಟವನ್ನು ಹೇಗಾದರೂ ಇಳಿಸಲೇಬೇಕೆಂದು ತೀರ್ಮಾನಿಸಿದರು. ನನ್ನ ಕಷ್ಟಕಾಲ ಶುರುವಾದದ್ದು ಆವತ್ತಿನಿಂದ.

ದೊರೆ ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕವನ್ನೂ ಬಿಟ್ಟುಹೋಗಿದ್ದ. ಅದನ್ನು ಓದಿ ಅರ್ಥ ಹೇಳು ಎಂದರು ಮಾವ. ಕಾರು ನಿಂತಾಗ ಎಂಜಿನ್ನು ಹೇಗಿರಬೇಕು ಎಂಬಲ್ಲಿ ‘ಐಡಲ್’ ಎಂಬ ಪದ ಬಂತು. ನನಗೆ ಗೊತ್ತಿದ್ದದ್ದು ಸ್ಕೂಲಿನ ಡಿಕ್ಷನರಿಯ ಅರ್ಥ. ಎಂಜಿನ್ನು ಸೋಮಾರಿಯಾಗಿರಬೇಕಂತೆ ಮಾವ ಎಂದೆ. ಮಾವ ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದರು.

“ಈ ಮನೇಲಿ ಒಬ್ಬ ಅವ್ನಲ್ಲ ಅಳಿಮಯ್ಯ, ಸಾಲ್ದಾ? ಮುಂದ್ಕೆ ಓದು.”

ಮುಂದಕ್ಕೆ ಓದಿದೆ. ಪೆಡಲನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಸಡಿಲವಾಗಿದ್ದರೆ ಹೀಗಾಗುತ್ತದೆ ಎಂದಿತ್ತು. ಯುದ್ಧದಲ್ಲಿ ಸ್ಪ್ರಿಂಗು ಎಲ್ಲಿ ಸಿಗಬೇಕು? ಮಾವ ಮಂಡಿಗೆ ಹೋಗಿ ಬೆಲ್ಲ ತೂಗುವ ಹಳೆಯ ತೂಕದ ಯಂತ್ರವನ್ನು ಬಿಚ್ಚಿ ಅದರ ಸ್ಪ್ರಿಂಗನ್ನೇ ತಂದು ಜೋಡಿಸಿದರು. ಮೂಟೆಗಟ್ಟಲೆ ಬೆಲ್ಲಕ್ಕೂ ಜಗ್ಗದ ಸ್ಪ್ರಿಂಗು ಮಾವನ ಬಲಗಾಲಿಗೆ ಜಗ್ಗೀತೇ? ಮಾರನೆಯ ದಿನ ಎರಡು ಕಾಲನ್ನೂ ಪೆಡಲಿನ ಮೇಲಿಟ್ಟು, ಎದ್ದು ನಿಂತು ತುಳಿಯುತ್ತಾ ಮದ್ದೂರು ತಲುಪಿದರು. ಸಂಜೆ ಬಂದಾಗ ಮೊಣಕಾಲು ಊದಿತ್ತು. ಕಾರು ಮೊದಲಿನಷ್ಟೇ ಹುಮ್ಮಸ್ಸಿನಿಂದ ಕಿರುಚುತ್ತಿತ್ತು.

ಆಮೇಲೆ ಕಾರ್ಬೊರೇಟರಿನ ಸ್ಕ್ರೂ. ಪೆಟ್ರೋಲೂ ಗಾಳಿಯೂ ಬೆರೆಯುವ ಆ ಡಬ್ಬಿಯ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇದೆ, ಅದನ್ನು ಎಡಕ್ಕೆ ತಿರುಗಿಸಿದರೆ ಎಂಜಿನ್ನಿನ ಓಟ ಇಳಿಯುತ್ತದೆ ಎಂದು ಓದಿದೆ. ನಿನ್ನ ಎಡವೋ, ನನ್ನ ಎಡವೋ, ಕಾರಿನ ಎಡವೋ ಎಂದು ಮಾವ ಕೇಳಿದರು. ನಾವು ಬಾನೆಟ್ಟಿನ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದೆವು. ಪುಸ್ತಕ ಬರೆದವನು ಎಲ್ಲಿ ನಿಂತು ಬರೆದಿದ್ದನೋ ನನಗೇನು ಗೊತ್ತು? ಈ ವಿಷಯವಾಗಿ ಚರ್ಚೆ ನಡೆಯುತ್ತಿದ್ದಂತೆ ಮಾವನ ಕೈ ಸುಮ್ಮನಿರದೆ ತಿರುಗಿಸುತ್ತಲೇ ಹೋಗಿ, ಸ್ಕ್ರೂ ಕಿತ್ತು ಬಂದು ಬೀದಿಯ ಮಣ್ಣಿಗೆ ಬಿತ್ತು. ಇಡೀ ಭಾನುವಾರ ನಾನು, ಮಾವ, ಅತ್ತೆ ಮೂವರೂ ರಾಗಿ ಜರಡಿ ಹಿಡಿದು ಬೀದಿಯನ್ನು ಜರಡಿಯಾಡಿದೆವು. ಅತ್ತೆಗೆ ಹಿಂದೆ ಕಳೆದುಹೋಗಿದ್ದ ಮೂಗುಬೊಟ್ಟು ಸಿಕ್ಕಿತು. ಸ್ಕ್ರೂ ಮಾವನ ಪಂಚೆಯ ಮಡಿಕೆಯಲ್ಲಿತ್ತು.

ಮುಂದಿನ ತಿಂಗಳು ಮದ್ದೂರಿಗೆ ಹೋಗುವುದನ್ನೇ ಕಡಿಮೆ ಮಾಡಿ ಪೆಟ್ರೋಲು ಉಳಿಸಿ ಮಂಡ್ಯಕ್ಕೆ ಹೋದೆವು. ಅತ್ತೆಯ ಜೊತೆ ಆಸ್ಪತ್ರೆಯಲ್ಲಿ ಕೂರುವುದು ನನ್ನ ಪಾಲಿಗೆ ಬಂತು. ಮಾವ ಕಾರನ್ನು ಪೇಟೆಯಲ್ಲಿದ್ದ ಮೆಕ್ಯಾನಿಕ್ ಸಾಬರ ಹತ್ತಿರ ತೆಗೆದುಕೊಂಡು ಹೋದರು. ಆ ಸಾಬರು ಕೈ ಹೆಚ್ಚು ಆಡಿಸಿ ಬಾಯಿ ಕಡಿಮೆ ಆಡಿಸುವ ಮನುಷ್ಯ. ಅವತ್ತು ಶುಕ್ರವಾರ ಬೇರೆ, ನಮಾಜಿಗೆ ಹೊರಟಿದ್ದರಂತೆ. ಬಾನೆಟ್ಟು ಎತ್ತಿ, ಕಿವಿಗೊಟ್ಟು ಕೇಳಿ, ಒಂದೇ ಮಾತು ಹೇಳಿ, ಮುಂದಿನ ಸಲ ಬನ್ನಿ ಬಿಚ್ಚಿ ನೋಡೋಣ ಎಂದು ಹೊರಟುಹೋದರಂತೆ. ಮಾವ ಆಸ್ಪತ್ರೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಏನೆಂದರು ಸಾಬರು ಎಂದು ಕೇಳಿದೆ. ಮಾವ ಆಚೆ ಈಚೆ ನೋಡಿ, ತಮ್ಮ ಆಯುಷ್ಯದಲ್ಲೇ ಮೊದಲ ಸಲ ಪಿಸುಗುಟ್ಟಿದರು.

“ಗಾಳಿ ಸೇರ್ಕೊಂಡದಂತೆ ಕಣಪ್ಪ.”

ನಮ್ಮ ಸೀಮೆಯಲ್ಲಿ ಗಾಳಿ ಸೇರಿಕೊಂಡಿದೆ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಮರದಡಿ ಹಾಯ್ದ ಹೆಂಗಸರಿಗೆ ಸೇರಿಕೊಳ್ಳುವಂಥದು! ಸಾಬರು ಹೇಳಿದ್ದು ಬೇರೆ ಗಾಳಿ ಇರಬಹುದು ಮಾವ, ಉಸಿರಾಡುವ ಗಾಳಿ ಎಂದೆ. ಅದು ಕಾರಿನ ಸುತ್ತ ಮೊದಲಿನಿಂದಲೂ ಇದೆಯಲ್ಲ, ಈಗೇನು ಹೊಸದಾಗಿ ಬಂತು ಎಂದು ಕೇಳಿದರು. ತಮಾಷೆ ಏನೆಂದರೆ, ಮಾವ ಭೂತ ಪಿಶಾಚಿ ಎನ್ನುವವರನ್ನು ಹಂಗಿಸಿ ನಗುತ್ತಿದ್ದ ಆಸಾಮಿ. ಊರ ಪೂಜಾರಿ ಹೇಳಿದ್ದರೆ ನಂಬುತ್ತಿರಲಿಲ್ಲ. ಸ್ಪ್ಯಾನರ್ ಹಿಡಿದವನು ಹೇಳಿದ್ದರಿಂದ ಅದು ವಿಜ್ಞಾನವಾಯಿತು. ಕಾರು ಮೊದಲು ಕಿರುಚಿದ್ದು ಮದ್ದೂರು ಸೇತುವೆಯ ಹತ್ತಿರದ ಹುಣಸೆಮರದ ಕೆಳಗೆ ನಿಲ್ಲಿಸಿದ ದಿನವೇ ಎಂಬುದು ದಾರಿಯಲ್ಲೇ ಅವರ ನೆನಪಿಗೆ ಬಂದುಬಿಟ್ಟಿತು.

ಆ ವಾರ ಅತ್ತೆ ಹಲಗೂರಿಗೆ ತವರಿಗೆ ಹೋಗಿದ್ದರು. ಮಾವ ನನ್ನನ್ನೂ ರುಬ್ಬುಗುಂಡನ್ನೂ ಹತ್ತಿಸಿಕೊಂಡು ಬೆಳಕವಾಡಿಗೆ ಹೊರಟರು. ಅಲ್ಲಿ ಗಾಳಿ ಬಿಡಿಸುವ ಗುಡ್ಡಪ್ಪ ಒಬ್ಬನಿದ್ದ, ಮೈಮೇಲೆ ದೇವರು ಬರುವ ಮುದುಕ. ರೋಗಿ ಯಾರು ಎಂದು ಕೇಳಿದ. ಮಾವ ಕಾರು ತೋರಿಸಿದರು. ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಗುಡ್ಡಪ್ಪ ತನ್ನ ಕೆಲಸದ ಗೌರವ ಬಲ್ಲವನು, ಗಂಡೋ ಹೆಣ್ಣೋ ಎಂದಷ್ಟೇ ವಿಚಾರಿಸಿದ. ಬಾನೆಟ್ಟಿಗೆ ಬೇವಿನ ಸೊಪ್ಪಿನಲ್ಲಿ ಬಡಿದ. ಯಾವ ಊರು, ಯಾಕೆ ಬಂದೆ ಎಂದು ಎಂಜಿನ್ನನ್ನು ಗದರಿಸಿ ಕೇಳಿದ. ಎಂಜಿನ್ನು ಕಿರುಚಿತು. ಆಮೇಲೆ ಕಣ್ಣು ಮುಚ್ಚಿ, ಎಂಜಿನ್ನಿನ ಮೈಮೇಲೆಲ್ಲ ಅಂಗೈ ಆಡಿಸುತ್ತಾ ಹೋಗಿ, ಕಾರ್ಬೊರೇಟರು ಕೊಳವೆಗೆ ಸೇರುವ ಜಾಗದಲ್ಲಿ ಕೈ ನಿಲ್ಲಿಸಿದ.

“ಇಲ್ಲಿ ಕುಂತದೆ ಗೌಡ. ಅಂಗೈ ಎಳೀತಾ ಅದೆ.”

ವಿಭೂತಿಯನ್ನು ಹರಳೆಣ್ಣೆಯಲ್ಲಿ ಕಲಸಿ ಉಂಡೆ ಮಾಡಿ, ಮಂತ್ರ ಹೇಳಿ, ಆ ಜಾಗದ ಸುತ್ತ ಮೆತ್ತಿದ. ನಾನು ನಗಲು ಬಾಯಿ ತೆರೆದಿದ್ದೆ. ತೆರೆದ ಬಾಯಿ ಹಾಗೇ ಉಳಿಯಿತು. ಎಂಜಿನ್ನಿನ ಕಿರುಚಾಟ ಇಳಿಯುತ್ತಾ ಇಳಿಯುತ್ತಾ ಬಂದು, ಊಟವಾದ ಮೇಲೆ ಬೆಕ್ಕು ಗುರುಗುಟ್ಟುವ ಹಾಗೆ ಮೆತ್ತಗಾಯಿತು! ಮಾವ ಗುಡ್ಡಪ್ಪನ ಕಾಲಿಗೆ ಬಿದ್ದರು. ಗುಡ್ಡಪ್ಪ ಗಾಬರಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವನ ಮಂತ್ರ ಅಷ್ಟು ಚೊಕ್ಕವಾಗಿ ಫಲಿಸಿದ್ದು ಅದೇ ಮೊದಲಿರಬೇಕು.

ಮೂರು ದಿನ ನಾನು ಆ ಮನೆಯಲ್ಲಿ ತಲೆ ಎತ್ತಲಿಲ್ಲ. ಪುಸ್ತಕ ಓದಿದವರಿಂದ ಆಗದ್ದು ಹೆಬ್ಬೆಟ್ಟಿನವನಿಂದ ಆಯಿತು ಎಂದು ಮಾವ ಬಂದವರಿಗೆಲ್ಲ ನನ್ನ ಎದುರಿಗೇ ಹೇಳುತ್ತಿದ್ದರು. ನಾಲ್ಕನೆಯ ದಿನ ಎಂಜಿನ್ನಿನ ಕಾವಿಗೆ ವಿಭೂತಿ ಒಣಗಿ ಬಿರುಕು ಬಿಟ್ಟಿತು. ಸಂತೆಯ ನಡುವೆ ಗಾಳಿ ಮತ್ತೆ ವಕ್ಕರಿಸಿತು, ಮೊದಲಿಗಿಂತ ಜೋರಾಗಿ. ನಾನು ತಲೆ ಎತ್ತಿದೆ. ತವರಿನಿಂದ ಬಂದ ಅತ್ತೆಗೆ ಮಾವ ಈ ಕಥೆಯನ್ನೆಲ್ಲ ಕೈಸನ್ನೆಯಲ್ಲೂ ಕೂಗಿನಲ್ಲೂ ಹೇಳಿದಾಗ ಅವರು ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮತ್ತೆ ಮಂಡ್ಯಕ್ಕೆ ಹೋಗುವ ದಿನ ಬಂತು. ಈ ಸಲ ಆಸ್ಪತ್ರೆಗೆ ಮಾವ ಹೋದರು, ಕಾರಿನ ಹತ್ತಿರ ನಾನು ನಿಂತೆ. ಮೆಕ್ಯಾನಿಕ್ ಸಾಬರು ಬಾನೆಟ್ಟು ಎತ್ತಿ, ಸುಟ್ಟ ವಿಭೂತಿಯನ್ನು ಉಗುರಿನಲ್ಲಿ ಕೆರೆದು, ಯಾವ ಮೆಕ್ಯಾನಿಕ್ಕು ನೋಡಿದ್ದು, ಸರಿಯಾದ ಜಾಗವನ್ನೇ ಹಿಡಿದಿದ್ದಾನಲ್ಲ ಎಂದರು. ಬೆಳಕವಾಡಿಯವನು ಎಂದಷ್ಟೇ ಹೇಳಿದೆ. ಸಂಗತಿ ಇಷ್ಟೇ: ಆ ಜೋಡಣೆಯ ನಡುವೆ ಒತ್ತಿಡುವ ರಟ್ಟು, ಅಂದರೆ ಪ್ಯಾಕಿಂಗು, ಸವೆದು ಸಂದು ಬಿಟ್ಟಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿಕೊಂಡು ಎಂಜಿನ್ನು ಹುಚ್ಚಾಗಿ ಓಡುತ್ತಿತ್ತು. ಸಾಬರ ಗಾಳಿ ಉಸಿರಾಡುವ ಗಾಳಿಯೇ! ಮಾವ ಬರಲಿ, ಈ ಮಾತನ್ನು ಅವರ ಮುಖಕ್ಕೇ ಹೇಳಿ ಸೇಡು ತೀರಿಸಿಕೊಳ್ಳುತ್ತೇನೆ ಎಂದು ಹಲ್ಲು ಮಸೆಯುತ್ತಾ ಕಾದೆ.

ಮಾವ ಬಂದರು. ಅತ್ತೆಯನ್ನು ಎದುರಿನ ನೆರಳಿನಲ್ಲಿ ಕೂರಿಸಿ ಬಂದು ಬಾನೆಟ್ಟಿನ ಪಕ್ಕ ನಿಂತರು. ನಾನು ಗಾಳಿಯ ವಿಷಯ ಹೇಳಿದೆ. ಅವರು ಹೂಂ ಎಂದರು, ಅಷ್ಟೇ. ಹೊಸ ಪ್ಯಾಕಿಂಗು ಈ ಯುದ್ಧ ಮುಗಿಯುವ ತನಕ ಸಿಗುವುದಿಲ್ಲ, ಗಟ್ಟಿ ರಟ್ಟು ಇದ್ದರೆ ಕತ್ತರಿಸಿ ಹಾಕುತ್ತೇನೆ ಎಂದರು ಸಾಬರು. ಮಾವ ಕೋಟಿನ ಒಳಜೇಬಿಗೆ ಕೈ ಹಾಕಿ ಆಸ್ಪತ್ರೆಯ ಕಾರ್ಡನ್ನು ತೆಗೆದುಕೊಟ್ಟರು.

“ಇದು ಅಮ್ಮಾವ್ರ ಕಾರ್ಡಲ್ವಾ ಗೌಡ್ರೆ? ಮುಂದ್ಲ ತಿಂಗ್ಳು ಕೇಳ್ತಾರೆ.”

“ಮುಂದ್ಲ ತಿಂಗ್ಳು ಬರಾದಿಲ್ಲ ಸಾಬ್ರೆ. ಕತ್ತರ್ಸಿ.”

ನನ್ನ ಬುದ್ಧಿಯನ್ನು ಏನೆಂದು ಹೇಳಲಿ! ಅತ್ತೆಗೆ ವಾಸಿಯಾಯಿತು, ಇನ್ನು ಬರುವ ಅಗತ್ಯವಿಲ್ಲ ಎಂದುಕೊಂಡೆ. ಕಾರಿಗೂ ವಾಸಿ, ಅತ್ತೆಗೂ ವಾಸಿ ಎಂದು ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ರುಬ್ಬುಗುಂಡಿನ ಪಕ್ಕ ಕೂತು ಶಿಳ್ಳೆ ಹಾಕಿಕೊಂಡು ಬಂದೆ.

ಮಾರನೆಯ ದಿನ ಸಂಜೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ನಾನು ಜಗಲಿಯ ಮೇಲೆ ಹುಡುಗರ ಲೆಕ್ಕದ ಪುಸ್ತಕ ತಿದ್ದುತ್ತಾ ಕೂತಿದ್ದೆ. ದಿನಾ ಆ ಹೊತ್ತಿಗೆ ಕಾರು ಅರಳಿಕಟ್ಟೆಯ ತಿರುವಿನಲ್ಲಿ ನಿಧಾನಿಸಿ ಕಿರುಚಿದಾಗ ಅತ್ತೆ ಒಳಗಿನಿಂದ ನೀರಿನ ಚೊಂಬು ಹಿಡಿದು ಬಂದು ಹೊಸಿಲ ಹತ್ತಿರ ನಿಂತಿರುತ್ತಿದ್ದರು. ಗಂಡ ಬರುವ ಹೊತ್ತು ಅವರಿಗೆ ಅಷ್ಟು ಖಚಿತವಾಗಿ ಗೊತ್ತು ಎಂದು ನಾನು ಬೆರಗಾಗುತ್ತಿದ್ದೆ. ಅವತ್ತು ಕಾರು ಬಂದದ್ದು ನನಗೇ ತಿಳಿಯಲಿಲ್ಲ. ಮೆಲ್ಲಗೆ ಬಂದು ಬಾಗಿಲಲ್ಲಿ ನಿಂತಿತು. ಮಾವ ಎಂದಿನಂತೆ ಎಂಜಿನ್ ಆರಿಸದೆ ಇಳಿದು ಬಂದರು. ಹೊಸಿಲಲ್ಲಿ ಯಾರೂ ಇರಲಿಲ್ಲ.

ಅತ್ತೆ ತೊಟ್ಟಿಯ ಅಂಗಳದಲ್ಲಿ ಬಾಗಿಲಿಗೆ ಬೆನ್ನು ಮಾಡಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ಮಾವ ಕರೆಯಲಿಲ್ಲ. ಅವರ ಬೆನ್ನನ್ನೇ ನೋಡುತ್ತಾ ಬಹಳ ಹೊತ್ತು ನಿಂತರು. ಅತ್ತೆ ಯಾಕೋ ತಿರುಗಿದವರು ಎದುರಿಗೆ ಮನುಷ್ಯನನ್ನು ಕಂಡು ಬೆಚ್ಚಿಬಿದ್ದು, ಮೊರ ಜಾರಿ ರಾಗಿಯೆಲ್ಲ ಚೆಲ್ಲಿತು.

“ಯಾವಾಗ ಬಂದ್ರಿ? ಗೊತ್ತೇ ಆಗ್ನಿಲ್ವಲ್ಲ. ಕಾರು ತರ್ನಿಲ್ವಾ?”

ಮಾವ ಬಾಗಿಲ ಕಡೆ ಕೈ ತೋರಿಸಿದರು. ಅತ್ತೆ ಬಾಗಿಲಿಗೆ ಬಂದು ಕಾರನ್ನು ನೋಡಿದರು. ಬಾನೆಟ್ಟು ಸಣ್ಣಗೆ ನಡುಗುತ್ತಿತ್ತು. ಅವರ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು.

“ಅದು ಓಡ್ತಾ ಅದಾ?”

ಮಾವ ಜೋರಾಗಿ ತಲೆಯಾಡಿಸಿ, ಕೂಗಿ ಹೇಳಿದರು. “ಇಲ್ಲ ಕಣೆ. ನಿಂತೋಗದೆ. ಇರು, ಸರಿ ಮಾಡ್ತೀನಿ.”

ಮಂಡ್ಯದ ಡಾಕ್ಟರು ಏನು ಹೇಳಿದ್ದರೆಂದು ನನಗೆ ಆಗ ಹೊಳೆಯಿತು. ಓಡುತ್ತಿರುವ ಎಂಜಿನ್ನಿನ ಮುಂದೆ ಮಾವ ಬಾನೆಟ್ಟು ಎತ್ತಿದರು. ಸ್ಪ್ಯಾನರು ತೆಗೆದುಕೊಂಡು, ಹಿಂದಿನ ದಿನವಷ್ಟೇ ಸಾಬರು ಬಿಗಿದಿದ್ದ ಎರಡು ನಟ್ಟುಗಳನ್ನು ಸಡಿಲ ಮಾಡಿದರು. ಕಾರ್ಡಿನ ಸಂದಿನಲ್ಲಿ ಗಾಳಿ ನುಗ್ಗಿತು. ಕಾರು ಬಾಯಿಬಿಟ್ಟು ಕಿರುಚಿತು. ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿದವು, ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಕಿವಿಯ ಹತ್ತಿರವಿದ್ದ ಅತ್ತೆಯ ಕೈ ಕೆಳಗಿಳಿಯಿತು. ಮುಖ ಅರಳಿತು. ಒಳಗೆ ಓಡಿಹೋಗಿ ಚೊಂಬಿನಲ್ಲಿ ನೀರು ತಂದು, ಮಾವ ಆಗತಾನೆ ಬಂದವರಂತೆ ಅವರ ಕೈಗೆ ಕೊಟ್ಟರು.

“ಗಾಳಿ ಇನ್ನೂ ಬುಟ್ಟಿಲ್ಲ ಅನ್ನಿ,” ಎಂದರು ನಗುತ್ತಾ.

ಅವರು ಒಳಗೆ ಹೋದ ಮೇಲೆ ಮಾವ ನನ್ನ ಪಕ್ಕ ಜಗಲಿಯ ಮೇಲೆ ಕೂತರು. ಪೆಟ್ರೋಲು ಏನು ಮಾಡುತ್ತೀರಿ ಮಾವ ಎಂದು ಕೇಳಿದೆ. ಕೇಳಬಾರದಿತ್ತು.

“ಇನ್ನು ಆಗಕಿಲ್ಲ ಅಂದ್ಬುಟ್ರು ಕಣಪ್ಪ ಡಾಕ್ಟ್ರು. ಇರಾ ಅಷ್ಟೂ ಓಯ್ತದಂತೆ, ನಿಧಾನವಾಗಿ. ಅವಳ್ಗೆ ಯೋಳಿಲ್ಲ.” ಕೈಯ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡರು. “ಮಂಡ್ಯಕ್ಕೆ ಓಗಾ ಪೆಟ್ರೋಲು ಉಳೀತಲ್ಲ. ಅದು ಬಾಗ್ಲಲ್ಲೇ ಉರೀಲಿ ಬುಡು.”

ಆ ಮನುಷ್ಯನನ್ನು ನಾಲ್ಕು ವರ್ಷ ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಮಾರನೆಯ ದಿನ ಬೀದಿಯವರು ನಾಲ್ಕು ಜನ ಒಟ್ಟಾಗಿ ಬಂದರು. ನಿನ್ನೆ ಸರಿಯಾಗಿತ್ತಂತಲ್ಲ ಮೇಷ್ಟ್ರೇ, ಮತ್ತೆ ಯಾಕೆ ಈ ರಂಪ, ಓದಿದವರು ನೀವಾದರೂ ನಿಮ್ಮ ಮಾವನಿಗೆ ಬುದ್ಧಿ ಹೇಳಬಾರದೇ ಎಂದರು. ಅಷ್ಟರಲ್ಲಿ ಅರಳಿಕಟ್ಟೆಯ ತಿರುವಿನಲ್ಲಿ ಕಾರು ಕಿರುಚಿತು. ಒಳಗೆ ಅತ್ತೆ ಚೊಂಬು ಎತ್ತಿಕೊಂಡ ಸದ್ದಾಯಿತು. ನಾನು ಜಗಲಿಯಿಂದ ಎದ್ದು ಅತ್ತೆಗೆ ದಾರಿ ಬಿಟ್ಟು ನಿಂತೆ.

“ನಾನೂ ಪುಸ್ತಕ ಎಲ್ಲ ಓದಿ ನೋಡ್ದೆ ಕಣ್ರಪ್ಪ,” ಎಂದೆ. “ಅದಕ್ಕೆ ಗಾಳಿ ಹಿಡ್ದದೆ. ಯಾರ ಕೈಲೂ ಬಿಡ್ಸಕ್ಕೆ ಆಗಕಿಲ್ಲ.”